ಟಸ್ಕಂಬಿಯಾ: ನದಿಯ ಬಂಡೆಗಳು ಬೆಳೆಸಿದ ಊರು

ಮಾನ್ಯ ಸಭಿಕರೇ,

ಅಮೆರಿಕದ ಅಲಬಾಮಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಟೆನೆಸಿ ನದಿಯ ದಕ್ಷಿಣಕ್ಕೆ ಟಸ್ಕಂಬಿಯಾ ಎಂಬ ಊರಿದೆ. ಕೋಲ್ಬರ್ಟ್ ಕೌಂಟಿಯ ಆಡಳಿತ ಕೇಂದ್ರವಾದ ಇದರ ಜನಸಂಖ್ಯೆ 9,000ದ ಆಸುಪಾಸು. ನ್ಯಾಯಾಲಯ, ಕಚೇರಿಗಳ ಮಟ್ಟಿಗೆ ನಮ್ಮ ತಾಲ್ಲೂಕು ಕೇಂದ್ರವೊಂದನ್ನು ನೆನೆದುಕೊಂಡರೆ ಸಾಕು. ಹೊರಗಿನವರಿಗೆ ಇದು ಹೆಲೆನ್ ಕೆಲ್ಲರ್ ಹುಟ್ಟಿದ ಊರೆಂದಷ್ಟೇ ಪರಿಚಿತ. ಆದರೆ ಅವರ ಮನೆಯಂಗಳಕ್ಕೆ ಹೋಗುವ ಮೊದಲು ನದಿಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಈ ಊರಿನಿಂದ ಮೇಲ್ಹರಿವಿನಲ್ಲಿ ಮಸಲ್ ಶೋಲ್ಸ್ ಎಂಬ ಬಂಡೆಗಳ ಹರವಿತ್ತು. ಹತ್ತಾರು ಕಿಲೋಮೀಟರ್ ಉದ್ದಕ್ಕೆ ನದಿ ಸುಮಾರು 40 ಮೀಟರ್ ಕೆಳಗಿಳಿಯುತ್ತಿದ್ದು, ನೀರು ಆಳವಿಲ್ಲದೆ ಬಂಡೆಗಳ ನಡುವೆ ರಭಸದಿಂದ ನುಗ್ಗುತ್ತಿದ್ದುದರಿಂದ ಹತ್ತಿ ಹೇರಿದ ದೋಣಿಗಳು ಅಲ್ಲಿ ಸುರಕ್ಷಿತವಾಗಿ ಸಾಗುವುದು ದುಸ್ತರವಾಗಿತ್ತು. ಅದಕ್ಕೆ ಸಿಕ್ಕ ಪರಿಹಾರವೇ ರೈಲು. 1832ರಲ್ಲಿ ಊರಿನಿಂದ ನದಿಯ ದಡದ ಟಸ್ಕಂಬಿಯಾ ಲ್ಯಾಂಡಿಂಗ್‌ವರೆಗೆ ಪುಟ್ಟ ಹಳಿ ಬಂತು. 1834ರ ಹೊತ್ತಿಗೆ ಅದು ಬಂಡೆಗಳ ಪ್ರದೇಶವನ್ನೆಲ್ಲ ಬಳಸಿಕೊಂಡು ಡಿಕೇಟರ್ ಪಟ್ಟಣವನ್ನು ಮುಟ್ಟಿತು. ಅಪಲೇಚಿಯನ್ ಪರ್ವತಗಳ ಪಶ್ಚಿಮಕ್ಕೆ ಹಾಕಿದ ಮೊಟ್ಟಮೊದಲ ರೈಲುಮಾರ್ಗಗಳಲ್ಲಿ ಇದೂ ಒಂದು. ಎಂಜಿನ್ ಇದ್ದರೂ ಗಾಡಿಗಳನ್ನು ಹೆಚ್ಚಾಗಿ ಎಳೆದದ್ದು ಕುದುರೆ, ಹೇಸರಗತ್ತೆಗಳು.

ಹತ್ತಿಗೆಂದು ಹಾಕಿದ ಈ ಹಳಿಯ ಮೇಲೆಯೇ ತಮ್ಮ ನೆಲದಿಂದ ಒಕ್ಕಲೆಬ್ಬಿಸಲಾದ ಮೂಲನಿವಾಸಿಗಳನ್ನೂ ಸಾಗಿಸಲಾಯಿತು. 1838ರಲ್ಲಿ ಚೆರೋಕಿ ಜನರ ತಂಡಗಳನ್ನು ಡಿಕೇಟರಿನಲ್ಲಿ ರೈಲು ಹತ್ತಿಸಿ, ಇಲ್ಲಿ ಇಳಿಸಿ, ಮತ್ತೆ ದೋಣಿಗಳಲ್ಲಿ ಪಶ್ಚಿಮಕ್ಕೆ ಕಳುಹಿಸಿದರು. ಊರಿಗೆ ಇರುವುದು ಚಿಕಸಾ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯದ ನಾಯಕನೊಬ್ಬನ ಹೆಸರು, ಕೌಂಟಿಗೆ ಇರುವುದು ಜಾರ್ಜ್ ಮತ್ತು ಲೀವೈ ಕೋಲ್ಬರ್ಟ್ ಎಂಬ ಚಿಕಸಾ ಮುಖಂಡರ ಹೆಸರು. ಹೆಸರುಗಳನ್ನು ಉಳಿಸಿಕೊಂಡು ಜನರನ್ನು ಹೊರಹಾಕಿದ ಈ ರೀತಿಯನ್ನು ವಿವರಿಸದೆ ಊರಿನ ಚರಿತ್ರೆ ಹೇಳುವುದು ಸರಿಯಲ್ಲ.

ಊರೊಳಗಿನ ನೀರಿನ ಕಥೆ ಬೇರೆ. ಇಲ್ಲಿಯ ನೆಲ ಸುಣ್ಣಕಲ್ಲಿನದು. ಭೂವಿಜ್ಞಾನಿಗಳು ಒಂದು ಶಿಲಾಸ್ತರಕ್ಕೆ ಈ ಊರಿನ ಹೆಸರನ್ನೇ ಕೊಟ್ಟಿದ್ದಾರೆ. ಕಲ್ಲಿನ ಸಂದುಗಳಲ್ಲಿ ಇಳಿದ ನೀರು ದೊಡ್ಡ ಬುಗ್ಗೆಯಾಗಿ ಹೊರಬರುತ್ತದೆ, ಆ ಬುಗ್ಗೆಯ ಸುತ್ತ ಊರು ಬೆಳೆಯಿತು, ಈಗ ಅಲ್ಲಿ ಸ್ಪ್ರಿಂಗ್ ಪಾರ್ಕ್ ಎಂಬ ಉದ್ಯಾನವಿದೆ.

ಇನ್ನು ಹೆಲೆನ್ ಕೆಲ್ಲರ್ ಅವರ ಮನೆ ಐವಿ ಗ್ರೀನ್. 1820ರಲ್ಲಿ ಹೆಲೆನ್ ಅವರ ಅಜ್ಜ-ಅಜ್ಜಿ ಕಟ್ಟಿಸಿದ, ಆಡಂಬರವಿಲ್ಲದ ಬಿಳಿಯ ಮರದ ಮನೆ ಇದು. 1880ರಲ್ಲಿ ಹುಟ್ಟಿದ ಹೆಲೆನ್, 19 ತಿಂಗಳ ಮಗುವಾಗಿದ್ದಾಗ ಕಾಯಿಲೆಯಿಂದ ದೃಷ್ಟಿ ಮತ್ತು ಶ್ರವಣಶಕ್ತಿಗಳನ್ನು ಕಳೆದುಕೊಂಡರು. 1887ರ ಮಾರ್ಚ್‌ನಲ್ಲಿ ಶಿಕ್ಷಕಿ ಆನ್ ಸಲಿವನ್ ಬಂದರು. ಮುಂದಿನ ತಿಂಗಳು ಹಿತ್ತಲಿನ ಕೈಪಂಪಿನ ಬಳಿ, ಒಂದು ಕೈಮೇಲೆ ನೀರು ಸುರಿಯುತ್ತಿರುವಾಗ ಇನ್ನೊಂದು ಅಂಗೈಯಲ್ಲಿ ಆ ನೀರಿನ ಹೆಸರಿನ ಅಕ್ಷರಗಳನ್ನು ಬೆರಳಿನಿಂದ ಮೂಡಿಸಿದರು. ಪ್ರತಿಯೊಂದಕ್ಕೂ ಹೆಸರಿದೆ ಎಂಬುದು ಹೆಲೆನ್‌ಗೆ ಹೊಳೆದದ್ದು ಆಗಲೇ. ಪಂಪು ಇಂದಿಗೂ ಅಲ್ಲಿದೆ. ಅಮೆರಿಕದ ಸಂಸತ್ ಭವನದಲ್ಲಿ ಅಲಬಾಮಾ 2009ರಲ್ಲಿ ಇರಿಸಿದ ಕಂಚಿನ ಪ್ರತಿಮೆಯಲ್ಲಿಯೂ ಏಳು ವರ್ಷದ ಹೆಲೆನ್ ಪಂಪಿನ ಪಕ್ಕದಲ್ಲೇ ನಿಂತಿದ್ದಾರೆ.

ಊರ ಹೊರಗಿನ ಬೆಲ್ ಮಾಂಟ್ ಭವನವನ್ನು ವಾಸ್ತುಪ್ರಿಯರು ಮೆಚ್ಚುತ್ತಾರೆ. ಅದು ಗುಲಾಮರ ದುಡಿಮೆಯಿಂದ ನಡೆದ ಹತ್ತಿ ತೋಟದ ಒಡೆಯನ ಮನೆಯೆಂಬುದನ್ನು ಮರೆಯಬಾರದು.

ರೈಲಿಗೆ ಕಾರಣವಾದ ಬಂಡೆಗಳು ಇಂದು ಕಾಣುವುದಿಲ್ಲ. 1918ರಲ್ಲಿ ಆರಂಭವಾಗಿ 1924ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟು ಅವುಗಳಲ್ಲಿ ಬಹುಪಾಲನ್ನು ಮುಳುಗಿಸಿತು. ಟಸ್ಕಂಬಿಯಾ ಲ್ಯಾಂಡಿಂಗ್‌ನ ಜಾಗ ನೆರೆಯ ಶೆಫೀಲ್ಡ್ ನಗರದ ಎಲ್ಲೆಯೊಳಗಿದೆ. ಆದ್ದರಿಂದ ಪಂಪು ನೋಡಿ ಹಿಂತಿರುಗುವವರು ಚೆರೋಕಿ ಜನರು ದೋಣಿ ಹತ್ತಿದ ದಡವನ್ನು ನೋಡದೆ ಹೋಗುವ ಸಾಧ್ಯತೆಯೇ ಹೆಚ್ಚು.