ಲೋಟದ ತಳ ನೋಡಿ

ಕೇಳುಗರಿಗೆ ನಮಸ್ಕಾರ.

ಮುಂಬೈಯ ಮಾಟುಂಗಾದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಕಪಾಟಿನಲ್ಲಿ ಒಂದು ಗಾಜಿನ ಲೋಟ ಇದೆ. ಜೇನಿನ ಬಣ್ಣ. ಬೆಳಕಿಗೆ ಹಿಡಿದರೆ ಮೇಲೆಲ್ಲ ನೇರಳೆ, ಹಸಿರು ಮಿಂಚು. ಮಳೆಗಾಲದಲ್ಲಿ ರಸ್ತೆ ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ. "ಅದು ಬೆಲ್ಜಿಯಂದು, ಮುಟ್ಬೇಡ" ಅಂತ ದೊಡ್ಡಮ್ಮ ನಮ್ಮನ್ನು ಹೆದರಿಸುತ್ತಿದ್ದರು. ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋದರೂ ಅಷ್ಟೇ. ಹಳೆಯ ಬಣ್ಣದ ಗಾಜು ಅಂದರೆ ಸಾಕು, ಬೆಲ್ಜಿಯಂ ಅಂದುಬಿಡುತ್ತಾರೆ.

ಕಳೆದ ದೀಪಾವಳಿಗೆ ಅದನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ತಳ ತಿರುಗಿಸಿದೆ. ಗಾಜಿನಲ್ಲೇ ಉಬ್ಬಿಕೊಂಡ ಇಂಗ್ಲಿಷ್ ಅಕ್ಷರ: ಜೈನ್. ಅಂದರೆ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್! ನಮ್ಮ ಬಳೆಗಳು ಬರುವ ಊರು.

ಈ ಮಿಂಚಿನ ಗಾಜಿಗೆ ಕಾರ್ನಿವಲ್ ಗ್ಲಾಸ್ ಅನ್ನುತ್ತಾರೆ. ಅಚ್ಚಿನಿಂದ ತೆಗೆದ ಗಾಜು ಬಿಸಿಯಿರುವಾಗಲೇ ಅದರ ಮೇಲೆ ಲೋಹದ ಲವಣದ ನೀರು ಸಿಂಪಡಿಸುತ್ತಾರೆ. ಅಮೆರಿಕದ ಫೆಂಟನ್ ಕಂಪನಿ 1907ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಲ್ಲಿನ ನಾರ್ತ್‌ವುಡ್ ಕಂಪನಿಯ ಗುರುತು, ವೃತ್ತದೊಳಗೆ ಅಡಿಗೆರೆ ಇರುವ ಎನ್ ಅಕ್ಷರ.

ತಳದಲ್ಲಿ ನವಿಲಿನ ತಲೆ ಕಂಡರೆ ನಮ್ಮ ದೇಶದ್ದು ಅಂದುಕೊಳ್ಳಬೇಡಿ. ಅದು ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ಸೋವರ್ಬಿ ಕಂಪನಿಯದು. ಆರ್‌ಡಿ ಅಂತ ಬರೆದು ಮುಂದೆ ಸಂಖ್ಯೆ ಇದ್ದರೆ, ಆ ವಿನ್ಯಾಸ ಬ್ರಿಟನ್ನಿನಲ್ಲಿ 1884ರಲ್ಲಿ ಅಥವಾ ಆಮೇಲೆ ನೋಂದಣಿಯಾದದ್ದು. ಅದಕ್ಕೂ ಮೊದಲು, 1842ರಿಂದ, ವಜ್ರಾಕಾರದ ಗುರುತು ಇತ್ತು. ಆದರೆ ಇದು ವಿನ್ಯಾಸದ ಇಸವಿ ಮಾತ್ರ. ಅದೇ ಅಚ್ಚಿನಲ್ಲಿ ವರ್ಷಗಟ್ಟಲೆ ಮಾಡಿರಬಹುದು, ಅಲ್ವಾ?

ಗುರುತೇ ಇಲ್ಲದ ಗಾಜು ಜಾಸ್ತಿ. ಆಗ ಬೆರಳೇ ಕಣ್ಣು. ಪಕ್ಕದಲ್ಲಿ ಸಣ್ಣ ಗೆರೆ ಸಿಕ್ಕಿದರೆ ಅಚ್ಚಿನ ಗಾಜು. ತಳದ ನಡುವೆ ಒರಟು ಗಾಯದಂಥ ಕಲೆ ಇದ್ದರೆ, ಊದಿ ಮಾಡಿದ ಗಾಜನ್ನು ಸಲಾಕೆಯಿಂದ ಬಿಡಿಸಿದ ಜಾಗ ಅದು. ಕೆಲವರು ನೇರಳಾತೀತ ಟಾರ್ಚ್ ಹಿಡಿದು, ಗಾಜು ಹಸಿರಾಗಿ ಹೊಳೆದರೆ ಬೆಲೆ ಏರಿಸುತ್ತಾರೆ. ಆ ಗಾಢ ಹೊಳಪು ಹೇಳುವುದು ಗಾಜಿನಲ್ಲಿ ಯುರೇನಿಯಂ ಇದೆ ಅಂತ ಮಾತ್ರ. ಈಗಿನ ಚೆಕ್ ದೇಶದ ಬೊಹೆಮಿಯಾ, ಇಂಗ್ಲೆಂಡ್, ಅಮೆರಿಕ, ಎಲ್ಲ ಕಡೆಯೂ ಅದನ್ನು ಬೆರೆಸುತ್ತಿದ್ದರು. ಮಾಡಿದವರ ಹೆಸರು ಅದರಿಂದ ಸಿಗುವುದಿಲ್ಲ.

ನನಗೆ ಬೇಸರ ಇರುವುದು ಆ ಬೆಲ್ಜಿಯಂ ಮಾತಿನ ಬಗ್ಗೆ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ 1908ರಷ್ಟು ಹಿಂದೆಯೇ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ಜನರಿಂದ ಒಂದೊಂದು ಪೈಸೆ ಕೂಡಿಸಿದ ಹಣದಲ್ಲಿ. ಕುಲುಮೆಯ ಮುಂದೆ ಬೆಂದ ನಮ್ಮವರ ಕೆಲಸಕ್ಕೆ ಸುಮ್ನೆ ಬೇರೆ ದೇಶದ ಹೆಸರು ಯಾಕೆ?

ದೊಡ್ಡಮ್ಮನಿಗೆ ಆ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ತೋರಿಸಿದೆ. "ನಮ್ಮೋರೇ ಮಾಡಿದ್ದಾ?" ಅಂದರು. ಆಮೇಲೆ ಅದು ಯಾರ ಮದುವೆಯ ಉಡುಗೊರೆ, ಯಾವಾಗ ಮನೆಗೆ ಬಂತು, ಎಲ್ಲ ನೆನಪು ಮಾಡಿಕೊಂಡು ಹೇಳಿದರು. ಒಂದು ಚೀಟಿಯಲ್ಲಿ ಬರೆದುಕೊಂಡೆ. ಈಗ ಆ ಚೀಟಿ ಲೋಟದೊಳಗೇ ಇದೆ.