ನೀರಗಂಟಿ ಮತ್ತು ನಿದ್ದೆ ಗುಳಿಗೆ

ಕೇಳುಗರಿಗೆ ನಮಸ್ಕಾರ. ರಾತ್ರಿ ಊಟ ಮುಗಿಸಿ, ಕನ್ನಡಕದ ಡಬ್ಬಿಯ ಪಕ್ಕದ ಸ್ಟ್ರಿಪ್ಪಿನಿಂದ ಅರ್ಧ ಗುಳಿಗೆ ಮುರಿದು ನುಂಗುವ ಹಿರಿಯರೇ ಈಗ ರೇಡಿಯೊ ಹಾಕಿಕೊಂಡಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ಅಲ್ಪ್ರಾಜೊಲಾಮ್, ಕ್ಲೊನಾಜೆಪಾಮ್, ಡಯಜೆಪಾಮ್, ಎಲ್ಲ ಒಂದೇ ಕುಲ: ಬೆಂಜೊಡಯಾಜೆಪಿನ್. ನೀವು ನೆನಪಿಡಬೇಕಾದ್ದು ಒಂದೇ ಮಾತು. ಈ ಗುಳಿಗೆಗೆ ತೂಬು ಎತ್ತಲು ಬರುವುದಿಲ್ಲ, ತೂಬು ಎತ್ತುವ ನೀರಗಂಟಿಗೆ ಕೈಗೂಡಿಸಲು ಮಾತ್ರ ಬರುತ್ತದೆ.

ಯಾವ ತೂಬು, ಯಾವ ನೀರಗಂಟಿ? ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣ ವಿದ್ಯುತ್ತು ಇರುತ್ತದೆ. ಅಕ್ಕಪಕ್ಕದ ಕೋಶಗಳು ಕೆಣಕಿ ಕೆಣಕಿ ಅದು 55ರ ಆಸುಪಾಸಿಗೆ ಇಳಿಯಿತೋ, ಕೋಶ ಭಗ್ಗನೆ ಹತ್ತಿಕೊಂಡು ಸಂದೇಶ ಮುಂದಕ್ಕೆ ಓಡುತ್ತದೆ. ಹೀಗೆ ಹತ್ತಿಕೊಳ್ಳದಂತೆ ತಡೆಯುವವನೇ ಗಾಬಾ ಎಂಬ ರಾಸಾಯನಿಕ, ನಮ್ಮ ನೀರಗಂಟಿ. ಕೋಶ ಕೋಶದ ನಡುವಿನ ಸಂದು ಒಂದು ಹಾಳೆಯ ದಪ್ಪದ ಐದು ಸಾವಿರದಲ್ಲೊಂದು ಪಾಲು. ಅದನ್ನು ದಾಟಿ ಬಂದು ಎದುರು ಕೋಶದ ಮೈಮೇಲಿನ ತೂಬು ಎತ್ತುತ್ತಾನೆ.

ಈ ತೂಬನ್ನು ಹತ್ತಿರದಿಂದ ನೋಡಿ. ಐದು ಪ್ರೋಟೀನ್ ಹಲಗೆಗಳನ್ನು ದುಂಡಗೆ ನಿಲ್ಲಿಸಿದ ಕೊಳವೆ ಅದು. ಆಲ್ಫಾ ಎರಡು, ಬೀಟಾ ಎರಡು, ಗಾಮಾ ಒಂದು. ಗಾಬಾ ಕೈಹಾಕುವುದು ಆಲ್ಫಾ–ಬೀಟಾ ಸಂದಿಗೆ, ಅಂಥ ಹಿಡಿಗಳು ಎರಡಿವೆ. ತೂಬು ಎದ್ದರೆ ಕೆಲವೇ ಮಿಲಿಸೆಕೆಂಡು ಕ್ಲೋರೈಡ್ ಒಳಗೆ ಹರಿಯುತ್ತದೆ. ಅದೂ ಋಣ, ಒಳಗಿರುವುದೂ ಋಣ. ಕೋಶ 55ರ ಕಡೆ ಸರಿಯಲಾರದು. ನೆನೆದ ಕೂಳೆಗೆ ಬೆಂಕಿ ಹತ್ತೀತೇ?

ನಿಮ್ಮ ಅರ್ಧ ಗುಳಿಗೆ ಹೋಗಿ ಕೂರುವುದು ಆಲ್ಫಾ–ಗಾಮಾ ಸಂದಿಯಲ್ಲಿ, ಗಾಬಾ ಹಿಡಿಯುವ ಜಾಗದಲ್ಲಲ್ಲ. ಅಲ್ಲಿ ಕೂತು ನೀರಗಂಟಿಯ ಹಿಡಿತ ಬಿಗಿಮಾಡುತ್ತದೆ, ತೂಬು ಪದೇ ಪದೇ ಏಳುತ್ತದೆ. ಗಾಬಾ ಬರಲೇ ಇಲ್ಲವೆನ್ನಿ, ಗುಳಿಗೆ ಸುಮ್ಮನೆ ಕೂತಿರುತ್ತದೆ. ಹಳೆಯ ಬಾರ್ಬಿಚುರೇಟ್ ಮದ್ದುಗಳು ಹಾಗಲ್ಲ. ಎದ್ದ ತೂಬನ್ನು ಬೇಗ ಇಳಿಯಗೊಡುವುದಿಲ್ಲ, ಪ್ರಮಾಣ ಮೀರಿದರೆ ನೀರಗಂಟಿಯನ್ನೇ ಬದಿಗೆ ಸರಿಸಿ ತಾವೇ ಎತ್ತುತ್ತವೆ. ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಕೋಶಗಳೂ ಆಗ ಮುಳುಗಿಹೋಗುತ್ತವೆ.

ಈ ಗುಳಿಗೆ ಹುಟ್ಟಿದ್ದೇ ಒಂದು ಸ್ವಾರಸ್ಯ. ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ 1930ರ ದಶಕದಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಬಟ್ಟೆಯ ಬಣ್ಣಕ್ಕಾಗಿ ಕೆಲವು ಸಂಯುಕ್ತಗಳನ್ನು ಮಾಡಿದ್ದರು. ಬಣ್ಣಕ್ಕೆ ಅವು ಒದಗಲಿಲ್ಲ. 1950ರ ದಶಕದಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ, ರೋಶ್ ಕಂಪನಿಯವರು ಮನಸ್ಸು ತಣಿಸುವ ಮದ್ದು ಬೇಕೆಂದಾಗ ಆ ಹಳೇ ಸರಕನ್ನೇ ಮತ್ತೆ ಕೈಗೆತ್ತಿಕೊಂಡರು. ಸುಮಾರು ನಲವತ್ತು ಬಗೆ ಮಾಡಿ ಪರೀಕ್ಷೆಗೆ ಕೊಟ್ಟರೆ ಎಲ್ಲವೂ ಜಡ. ಕೊನೆಯದಕ್ಕೆ ಮೀಥೈಲಮೀನ್ ಬೆರೆಸಿದಾಗ ಬಿಳಿ ಹರಳು ಬಂತು. ಅಷ್ಟರಲ್ಲಿ ಬೇರೆ ಕೆಲಸ ಹಚ್ಚಿದರು, ಹರಳು ಪರೀಕ್ಷೆ ಕಾಣದೆ ಕಪಾಟು ಸೇರಿತು. 1957ರಲ್ಲಿ ಪ್ರಯೋಗಶಾಲೆಯ ಕಸ ತೆಗೆಯುವಾಗ ಸಹೋದ್ಯೋಗಿ ಅರ್ಲ್ ರೀಡರ್ ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು, ಗೆದ್ದಿತು! ಸ್ಟರ್ನ್‌ಬಾಕ್ ಎಣಿಸಿದ ರಚನೆಯೂ ಅದಕ್ಕಿರಲಿಲ್ಲ. ಮೀಥೈಲಮೀನ್ ಸೋಕಿದ್ದೇ ಆರು ಪರಮಾಣುಗಳ ಉಂಗುರ ಏಳರದ್ದಾಗಿ ಹಿಗ್ಗಿಬಿಟ್ಟಿತ್ತು. 1960ರಲ್ಲಿ ಲಿಬ್ರಿಯಮ್ ಎಂಬ ಹೆಸರಲ್ಲಿ ಅಂಗಡಿಗೆ ಬಂತು, 1963ರಲ್ಲಿ ಅದರ ತಮ್ಮ ವೇಲಿಯಮ್, ಅಂದರೆ ಡಯಜೆಪಾಮ್. ಜನ ಕೋಟಿಗಟ್ಟಲೆ ನುಂಗಿದರು. ಮೆದುಳಿನಲ್ಲಿ ಅದು ಕೂರುವ ಜಾಗ ಸಿಕ್ಕಿದ್ದು ಮಾತ್ರ 1977ರಲ್ಲಿ!

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಬೇಗ.

ಮದ್ಯ. ಅದೂ ಇದೇ ತೂಬಿಗೆ ಕೈಹಾಕುತ್ತದೆ, ಮೇಲಾಗಿ ಕೋಶವನ್ನು ಕೆಣಕುವ ಗ್ಲುಟಮೇಟನ್ನೂ ಅದುಮುತ್ತದೆ. ‘ಅರ್ಧ ಗುಳಿಗೆ, ಒಂದೇ ಪೆಗ್’ ಎನ್ನುವವರಿಗೆ ಎಷ್ಟು ಸಲ ಹೇಳುವುದು? ನೀರಗಂಟಿಗೆ ಕೈಗೂಡಿಸುವವರು ಇಬ್ಬರಾದರೆ ಉಸಿರೇ ಮುಳುಗೀತು. ಅಫೀಮು ವರ್ಗದ ನೋವಿನ ಮದ್ದಿನ ಜೊತೆಗೂ ಇದೇ ಅಪಾಯ.

ರೂಢಿ. ತಿಂಗಳುಗಟ್ಟಲೆ ನುಂಗಿದರೆ ತೂಬುಗಳು ಮೊದಲಿನಂತೆ ಓಗೊಡುವುದಿಲ್ಲ. ಆಗ ಒಂದೇ ದಿನಕ್ಕೆ ಗುಳಿಗೆ ನಿಲ್ಲಿಸಿದರೆ ಬಿಗಿದುಹೋದ ತೂಬಿನ ಮುಂದೆ ನೀರಗಂಟಿ ಒಂಟಿ. ನಿದ್ದೆಗೇಡು, ಕೈನಡುಕ, ಕೆಲವರಿಗೆ ಫಿಟ್ಸ್. ಎರಡು ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ಅಥವಾ ಇನ್ನೂ ಕಡಿಮೆ ಇಳಿಸುತ್ತ ಬರುವುದು ರೂಢಿಯ ಲೆಕ್ಕ; ನಿಮ್ಮ ಲೆಕ್ಕ ನಿಮ್ಮ ಡಾಕ್ಟರು ಹಾಕಬೇಕು.

ಡಯಜೆಪಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದೆರಡು ದಿನ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ನಿನ್ನೆಯ ಗುಳಿಗೆಯ ಮೇಲೆ ಇಂದಿನದು ಕೂರುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ಕಾಲು ಜಾರಿ ಸೊಂಟದ ಮೂಳೆ ಮುರಿಯುವುದು ಹೀಗೂ ಉಂಟು. ದಾರಿಯಲ್ಲೊಂದು ಸಣ್ಣ ದೀಪವಿರಲಿ.

ಯಾರಾದರೂ ಹೆಚ್ಚು ನುಂಗಿ ಎಬ್ಬಿಸಿದರೂ ಏಳದಿದ್ದರೆ ಕಾಫಿ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಫ್ಲೂಮಜೆನಿಲ್ ಎಂಬ ಇಂಜೆಕ್ಷನ್ ಗುಳಿಗೆಯನ್ನು ಆ ಸಂದಿಯಿಂದ ಎಬ್ಬಿಸುತ್ತದೆ. ಮದ್ಯವನ್ನು ಎಬ್ಬಿಸಲಾರದು, ಬಾರ್ಬಿಚುರೇಟನ್ನೂ ಎಬ್ಬಿಸಲಾರದು. ವರ್ಷಗಟ್ಟಲೆ ಗುಳಿಗೆ ನುಂಗಿದವರಿಗೆ ಕೊಟ್ಟರೆ ಫಿಟ್ಸ್ ಬರಿಸಬಹುದು. ಅದಕ್ಕೇ ಡಾಕ್ಟರಿಗೆ ಏನು, ಎಷ್ಟು, ಎಷ್ಟು ಕಾಲದಿಂದ ಎಂದು ಗೊತ್ತಾಗಬೇಕು. ಆಸ್ಪತ್ರೆಗೆ ಸ್ಟ್ರಿಪ್ ತೆಗೆದುಕೊಂಡೇ ಹೋಗಿ, ಖಾಲಿಯಾಗಿದ್ದರೂ ಸರಿ. ನಮಸ್ಕಾರ.