ಮೈನಿಂಗ್ ಮಷೀನ್ ಮಾರೋನು ಅಸಲಿನಾ ನಕಲಿನಾ: ಕೋಲಾರದಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮನೆ ಕೆಲಸ ಬಿಟ್ಟು ಬಂದಿದೀರ, ಮಾಲೂರು ಬಂಗಾರಪೇಟೆ ಕಡೆಯಿಂದಾನೂ ಹುಡುಗ್ರು ಬಂದಿದಾರೆ ಅಂತ ಹೇಳಿದ್ರು, ತುಂಬಾ ಸಂತೋಷ. ನಾನು ಇಲ್ಲೇ ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿರೋನು. ಮೊದ್ಲು ನಮ್ಮ ಅಕ್ಕನ ಮಗನ ವಿಷಯ ಹೇಳ್ಬಿಡ್ತೀನಿ, ಅದನ್ನ ಹೇಳ್ದೆ ಮುಂದಿನ ಮಾತಾಡೋಕೆ ನನಗೆ ಮನಸ್ಸು ಬರಲ್ಲ.

ಅವನಿರೋದು ಶ್ರೀನಿವಾಸಪುರದ ಹತ್ರ. ಮಾವಿನ ಫಸಲಿನ ದುಡ್ಡು ಒಂದಿಷ್ಟು ಬಂದಿತ್ತು, ಅವರಮ್ಮನ ಬಳೆ ಅಡ ಇಟ್ಟು ಇನ್ನೊಂದಿಷ್ಟು ಸೇರಿಸ್ಕೊಂಡು 1,85,000 ರೂಪಾಯಿ ಕಟ್ಟಿ ಒಂದು ಬಿಟ್‌ಕಾಯಿನ್ ಮೈನಿಂಗ್ ಮಷೀನ್, ಅಂದ್ರೆ ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ದುಡ್ಡು ಗಳಿಸೋಕೆ ಬಿಡದೆ ಲೆಕ್ಕ ಮಾಡೋ ಕಂಪ್ಯೂಟರ್, ಬುಕ್ ಮಾಡಿದ. ಕಟ್ಟೋ ಮುಂಚೆ ನನಗೆ ವಾಟ್ಸಾಪಲ್ಲಿ ಲಿಂಕ್ ಕಳಿಸಿದ್ದ, "ಮಾವ, ಈ ಸೈಟು ಸರಿ ಐತಾ ಒಂಚೂರು ನೋಡು" ಅಂತ. ನಾನು ಅಂಗಡೀಲಿ ಕೆಲಸದ ಮಧ್ಯೆ ತೆಗೆದು ನೋಡ್ದೆ. ಸೈಟ್ ನೀಟಾಗಿತ್ತು, ವಿಳಾಸದ ಪಕ್ಕ ಬೀಗದ ಗುರುತಿತ್ತು, ಗೋಡೌನ್ ಫೋಟೋ, ಮಷೀನ್ ಜೊತೆ ನಿಂತಿರೋ ಗಿರಾಕಿಗಳ ಫೋಟೋ, ಕೆಳಗಡೆ ಜಿಎಸ್‌ಟಿ ಸರ್ಟಿಫಿಕೇಟ್‌ದು ಪಿಡಿಎಫ್ಫು. "ಚೆನ್ನಾಗೇ ಕಾಣ್ತೈತೆ ಕಣೋ" ಅಂತ ಬರೆದೆ. ವಾರ ಆದ್ಮೇಲೆ ಅವರಿಂದ ಮೆಸೇಜು, ಮಷೀನ್ ಚೆನ್ನೈ ಬಂದರಲ್ಲಿ ನಿಂತಿದೆ, ಕಸ್ಟಮ್ಸ್‌ಗೆ 38,000 ಕಟ್ಟಿ, ಡೆಲಿವರಿ ಆದ್ಮೇಲೆ ವಾಪಸ್ ಬರುತ್ತೆ ಅಂತ. ಅದನ್ನೂ ಕಟ್ಟಿದಾನೆ, ನನಗೆ ಹೇಳಿಲ್ಲ. ಮೂರನೇ ಸಲ ಇನ್ಶೂರೆನ್ಸ್ ಅಂತ ಕೇಳ್ದಾಗ ನನ್ನ ಹತ್ರ ಬಂದ. ಆವತ್ತು ರಾತ್ರಿ ಆ ಜಿಎಸ್‌ಟಿ ನಂಬರನ್ನ ಸರ್ಕಾರದ ಪೋರ್ಟಲ್‌ನಲ್ಲಿ ಹಾಕಿ ನೋಡ್ದೆ. ನಂಬರ್ ಅಸಲಿನೇ, ಆ್ಯಕ್ಟಿವ್ ಆಗೇ ಇತ್ತು, ಆದ್ರೆ ಅದು ಬೇರೆ ರಾಜ್ಯದಲ್ಲಿರೋ ಒಂದು ಸ್ಟೀಲ್ ಪಾತ್ರೆ ಅಂಗಡೀದು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನಾನು ಮೊದಲನೇ ದಿನ ಕೊಡ್ಲಿಲ್ಲ, ಅದು ಇವತ್ತಿಗೂ ನನ್ನ ಕೊರೀತಾ ಇದೆ, ನಮ್ಮಕ್ಕ ಒಂದು ಮಾತೂ ಅನ್ನಲಿಲ್ಲ ಅನ್ನೋದು ಇನ್ನೂ ಹೆಚ್ಚು ಕೊರೀತದೆ.

ಆಮೇಲೆ ಕೂತು ಯೋಚನೆ ಮಾಡ್ದಾಗ ನನಗೆ ಹೊಳೆದಿದ್ದು ಇಷ್ಟೇ. ಆವತ್ತು ನಾನು ನೋಡಿದ್ದೆಲ್ಲಾ ಆ ಮಾರೋನೇ ನನ್ನ ಮುಂದೆ ಇಟ್ಟಿದ್ದು, ಫೋಟೋನೂ ಅವನದೇ, ಸರ್ಟಿಫಿಕೇಟೂ ಅವನದೇ, ಗಿರಾಕಿಗಳ ಮಾತೂ ಅವನೇ ಬರೆದಿದ್ದು. ನಾನಾಗಿ ಹೋಗಿ ತಂದಿದ್ದು ಒಂದೂ ಇರ್ಲಿಲ್ಲ. ಮಾರೋನು ಕೈಗೆ ಕೊಡೋ ಪುರಾವೆ ಬೇರೆ, ಅವನ ಕೈಗೆ ಸಿಗದೇ ಇರೋ ಜಾಗದಿಂದ ನಾವು ತರೋ ಪುರಾವೆ ಬೇರೆ. ಇವತ್ತು ಆ ಎರಡನೇದರ ಬಗ್ಗೆ ಮಾತ್ರ ಮಾತಾಡ್ತೀನಿ.

ಅಂಥ ಪುರಾವೆ ಮೊದ್ಲು ಸಿಗೋದು ಲೆಕ್ಕದಲ್ಲಿ. ಮೈನಿಂಗ್ ಅಂದ್ರೆ ಏನು ಅಂತ ನಮ್ಮ ಜಿಲ್ಲೇಲಿ ಹೇಳ್ಕೊಡೋದೇ ಬೇಡ. ಕೆಜಿಎಫ್ ಗಣಿಗೆ ಕರೆಂಟ್ ಕೊಡೋಕೆ ಅಂತಲೇ 1902ರಲ್ಲಿ ಶಿವನಸಮುದ್ರದಿಂದ ಲೈನ್ ಎಳೆದ್ರು, ಊರುಗಳಲ್ಲಿ ಸೀಮೆಎಣ್ಣೆ ದೀಪ ಇದ್ದ ಕಾಲದಲ್ಲಿ ಗಣಿಗೆ ಕರೆಂಟ್ ಬಂದಿತ್ತು. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ್ರು. 2001ರ ಫೆಬ್ರವರಿ 28ಕ್ಕೆ ಬೀಗ ಹಾಕಿದ್ರಲ್ಲ, ಚಿನ್ನ ಪೂರ್ತಿ ಖಾಲಿ ಆಯ್ತು ಅಂತಲ್ಲ, ಆ ಚಿನ್ನ ಮೇಲಕ್ಕೆ ತರೋ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು. ನಿಮ್ಮಲ್ಲಿ ಕೆಲವರ ಮನೇಲಿ ಅಪ್ಪನೋ ತಾತನೋ ಅದನ್ನ ಅನುಭವಿಸಿರ್ತಾರೆ. ಬಿಟ್‌ಕಾಯಿನ್ ಗಣೀಲೂ ಕಥೆ ಅದೇ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕು, ಅಂದ್ರೆ ಬಿಟ್‌ಕಾಯಿನ್ ಲೆಕ್ಕದ ಪುಸ್ತಕಕ್ಕೆ ಒಂದು ಹೊಸ ಪುಟ, 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ ಬಹುಮಾನ 3.125 ಬಿಟ್‌ಕಾಯಿನ್, ಅಂದ್ರೆ ದಿನಕ್ಕೆ 144 ಬ್ಲಾಕ್ ಲೆಕ್ಕದಲ್ಲಿ ಇಡೀ ಪ್ರಪಂಚಕ್ಕೆ ಹೊಸದಾಗಿ ಬರೋದು 450 ಬಿಟ್‌ಕಾಯಿನ್, ಅದನ್ನ ಎಲ್ಲಾ ಮಷೀನುಗಳೂ ತಮ್ಮ ಶಕ್ತಿ ಇದ್ದಷ್ಟು ಹಂಚ್ಕೊಳ್ಳುತ್ವೆ. ಮಷೀನ್ ಜಾಸ್ತಿ ಆದ್ರೆ 2016 ಬ್ಲಾಕಿಗೊಂದು ಸಲ, ಅಂದ್ರೆ ಹೆಚ್ಚು ಕಮ್ಮಿ ಎರಡು ವಾರಕ್ಕೊಂದು ಸಲ, ಬ್ಲಾಕ್ ಸಿಗೋ ಕಷ್ಟದ ಮಟ್ಟ ತಾನಾಗೇ ಏರುತ್ತೆ. ನಾಲ್ಕು ವರ್ಷಕ್ಕೊಂದು ಸಲ ಆ 3.125 ಅರ್ಧ ಆಗುತ್ತೆ.

ಈಗ ಲೆಕ್ಕ ಹಾಕೋಣ, ಮೊಬೈಲ್ ತೆಗೀರಿ. ಆಂಟ್‌ಮೈನರ್ ಎಸ್19 ಪ್ರೋ ಅಂತ ಬರುತ್ತೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಜಾಸ್ತಿ ಓಡಾಡೋ ಮಷೀನು, ಲೆಕ್ಕ ಮಾಡೋ ವೇಗ 110 ಟೆರಾಹ್ಯಾಶ್, ಕರೆಂಟು 3250 ವ್ಯಾಟ್. ಇದನ್ನ ಆಫ್ ಮಾಡೋ ಹಾಗಿಲ್ಲ, 24 ಗಂಟೆ ಓಡಿದ್ರೆ ದಿನಕ್ಕೆ 78 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮೂರು ದಿನ ತುಂಬೋ ಮುಂಚೆ ಮುಗಿಯುತ್ತೆ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡೀರಿ, ದಿನಕ್ಕೆ 546 ರೂಪಾಯಿ ಬೆಸ್ಕಾಂಗೆ. ಬರೋದೆಷ್ಟು? 2025ರಲ್ಲಿ ಎಲ್ಲಾ ಮಷೀನೂ ಸೇರಿದ ಇಡೀ ಜಾಲದ ಶಕ್ತಿ 1000 ಎಕ್ಸಾಹ್ಯಾಶ್ ಮುಟ್ಟಿತು, ಅಂದ್ರೆ 100 ಕೋಟಿ ಟೆರಾಹ್ಯಾಶ್. ನಮ್ಮದು ಅದರಲ್ಲಿ 110. 450ನ್ನ 110ರಿಂದ ಗುಣಿಸಿ 100 ಕೋಟೀಲಿ ಭಾಗಿಸಿದ್ರೆ 0.0000495 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ಅಂತ ಇಟ್ಕೊಂಡ್ರೂ ದಿನಕ್ಕೆ 396 ರೂಪಾಯಿ ಆಯ್ತು. ಬರೋದು 396, ಹೋಗೋದು 546. ಬೆಲೆ ಏರುತ್ತೆ ಇಳಿಯುತ್ತೆ, ನೀವು ಆವತ್ತಿನ ನಂಬರ್ ಹಾಕ್ಕೊಳ್ಳಿ, ಲೆಕ್ಕದ ದಾರಿ ಇದೇ. ಹೊಸ ಎಸ್21 ತಗೊಂಡ್ರೆ, 200 ಟೆರಾಹ್ಯಾಶ್, 3500 ವ್ಯಾಟ್, ಅದೇ ಲೆಕ್ಕದಲ್ಲಿ 720 ಬರುತ್ತೆ 588 ಕರೆಂಟ್‌ಗೆ ಹೋಗುತ್ತೆ, 132 ಉಳೀತು ಅಂತ ಖುಷಿ ಪಡೋ ಹಾಗೂ ಇಲ್ಲ, ಯಾಕಂದ್ರೆ 2022ರ ಏಪ್ರಿಲ್‌ನಿಂದ ಕ್ರಿಪ್ಟೋ, ಅಂದ್ರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ದುಡ್ಡಿನ ಗಳಿಕೆ ಮೇಲೆ 30 ಪರ್ಸೆಂಟ್ ಟ್ಯಾಕ್ಸ್ ಇದೆ, ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನ ಅದರಲ್ಲಿ ಕಳೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಸಂಸತ್ತಲ್ಲೇ ಹೇಳಿದೆ. 720ಕ್ಕೆ 30 ಪರ್ಸೆಂಟ್ ಅಂದ್ರೆ 216, ಉಳಿದಿದ್ದ 132ಕ್ಕಿಂತ ಅದೇ ಜಾಸ್ತಿ.

ಹಾಗಾದ್ರೆ ಯಾರೋ ಒಬ್ಬ ಫೋನ್ ಮಾಡಿ "ಬ್ರೋ, ಮನೇಲಿ ಇಟ್ಬಿಡಿ, ತಿಂಗಳಿಗೆ 25,000 ಗ್ಯಾರಂಟಿ" ಅಂದ್ರೆ, ಅವನ ಸೈಟ್ ನೋಡೋ ಅಗತ್ಯಾನೇ ಇಲ್ಲ. ಈ ಲೆಕ್ಕ ಅವನಿಗೆ ಗೊತ್ತಿಲ್ಲದಿದ್ರೆ ಅವನು ಮಷೀನ್ ಮಾರೋನಲ್ಲ, ಗೊತ್ತಿದ್ದೂ ಹೇಳ್ತಿದಾನೆ ಅಂದ್ರೆ ಸುಳ್ಳು ಹೇಳ್ತಿದಾನೆ. ನಾನು ಬೆಂಗಳೂರಲ್ಲಿ ಇಂಥ ಮಷೀನ್ ನಿಜವಾಗ್ಲೂ ಮಾರೋ ಒಬ್ಬರ ಹತ್ರ ಮಾತಾಡಿದ್ದೆ, ಅವರು ಲಾಭದ ಮಾತೇ ಎತ್ತಲಿಲ್ಲ. ಮನೆ ಸ್ಯಾಂಕ್ಷನ್ ಲೋಡ್ ಎಷ್ಟು ಕಿಲೋವ್ಯಾಟು, ವೈರಿಂಗ್ ಯಾವ ಕಾಲದ್ದು, ಅಕ್ಕಪಕ್ಕ ಮನೆ ಇದೆಯಾ, ಬಿಸಿಗಾಳಿ ಎಲ್ಲಿಗೆ ಬಿಡ್ತೀರ ಅಂತ ಕೇಳಿದ್ರು. ಸರಿಯಾಗೇ ಕೇಳಿದ್ರು. 14 ಆಂಪಿಯರ್ ಹಗಲೂ ರಾತ್ರಿ ಬಿಡದೆ ಎಳೆಯೋ ಸಾಮಾನು ಅದು, ಹಳೇ ವೈರಿಂಗ್ ಆದ್ರೆ ಸಾಕೆಟ್ ಕಾಯ್ದು ಕರಗುತ್ತೆ, ಸದ್ದು ಹೇಗಂದ್ರೆ ಪಕ್ಕದ ಮನೆಯವರು ಎರಡನೇ ದಿನಕ್ಕೆ ಜಗಳಕ್ಕೆ ಬರ್ತಾರೆ. ಇದನ್ನೆಲ್ಲಾ ಕೇಳೋ ಮಾರಾಟಗಾರನ ಮೇಲೆ ನನಗೆ ಅರ್ಧ ನಂಬಿಕೆ ಬರುತ್ತೆ.

ಉಳಿದರ್ಧಕ್ಕೆ ಕಾಗದ ಪತ್ರ. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತೆ, ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಬೆಂಗಳೂರು ಆಫೀಸಿಂದಾನೇ ಬಿಲ್ ಮಾಡ್ತೀವಿ ಅಂತ ಹೇಳಿ ನಂಬರ್ 07ರಿಂದ ಶುರುವಾದ್ರೆ ಅದು ದಿಲ್ಲೀದು, ಯಾಕೆ ಅಂತ ಕೇಳಿ. ಆಮೇಲಿನ ಹತ್ತು ಪ್ಯಾನ್ ನಂಬರು. ಒಟ್ಟು ನಂಬರಿನ ಆರನೇ ಅಕ್ಷರ ನೋಡಿ, ಸಿ ಅಂದ್ರೆ ಕಂಪನಿ, ಎಫ್ ಅಂದ್ರೆ ಪಾಲುದಾರಿಕೆ, ಪಿ ಅಂದ್ರೆ ಒಬ್ಬ ವ್ಯಕ್ತಿ. ಪ್ರೈವೇಟ್ ಲಿಮಿಟೆಡ್ ಅಂತ ಬೋರ್ಡ್ ಹಾಕ್ಕೊಂಡು ಅಲ್ಲಿ ಪಿ ಇದ್ರೆ ಅಲ್ಲೇ ನಿಲ್ಲಿಸಿ. ಪೋರ್ಟಲ್‌ನಲ್ಲಿ ಲಾಗಿನ್ ಇಲ್ದೆನೇ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಅಲ್ಲಿ ಹೆಸರು, ಯಾವತ್ತು ರಿಜಿಸ್ಟರ್ ಆಗಿದ್ದು, ಈಗ ಜೀವಂತ ಇದೆಯಾ ರದ್ದಾಗಿದೆಯಾ ಎಲ್ಲಾ ಬರುತ್ತೆ. ಕಂಪನಿ ಅಂದ್ರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲೂ ಸಿಗುತ್ತೆ, ಅವರ ಸಿಐಎನ್, ಅಂದ್ರೆ ಕಂಪನಿ ನೋಂದಣಿ ನಂಬರಿನ ಮಧ್ಯದಲ್ಲೇ ಕಂಪನಿ ಹುಟ್ಟಿದ ವರ್ಷ ಇರುತ್ತೆ. ಹತ್ತು ವರ್ಷದ ಅನುಭವ ಅಂತ ಬರ್ಕೊಂಡೋರ ಕಂಪನಿ ಹೋದ ವರ್ಷ ಹುಟ್ಟಿರೋದನ್ನ ನಾನೇ ನೋಡಿದೀನಿ. ಸೈಟಿನ ಹೆಸರು ಯಾವತ್ತು ರಿಜಿಸ್ಟರ್ ಆಗಿದೆ ಅಂತಾನೂ ಹೂಈಸ್ (WHOIS) ಅನ್ನೋ ಹುಡುಕಾಟದಲ್ಲಿ ತಿಳಿಯುತ್ತೆ. ಬೀಗದ ಗುರುತನ್ನ ಮಾತ್ರ ನಂಬಬೇಡಿ, ನೀವು ಟೈಪ್ ಮಾಡೋದನ್ನ ದಾರೀಲಿ ಯಾರೂ ಓದಲ್ಲ ಅಂತ ಅದರ ಅರ್ಥ, ಆ ಕಡೆ ಕೂತಿರೋನು ಒಳ್ಳೆಯವನು ಅಂತಲ್ಲ. ಆದ್ರೆ ಇಷ್ಟೆಲ್ಲಾ ಸರಿ ಇದ್ರೂ ನನ್ನ ಅಳಿಯನ ವಿಷಯದಲ್ಲಿ ಆದ ಹಾಗೆ ಬೇರೆಯವರ ನಂಬರನ್ನ ಕದ್ದು ಹಾಕಿರಬಹುದು, ಅದಕ್ಕೇ ಪೋರ್ಟಲ್‌ನಲ್ಲಿ ಬರೋ ಹೆಸರೂ, ಬಿಲ್ಲಲ್ಲಿರೋ ಹೆಸರೂ, ದುಡ್ಡು ಹೋಗೋ ಬ್ಯಾಂಕ್ ಖಾತೆ ಹೆಸರೂ, ಮೂರೂ ಒಂದೇ ಆಗಿರ್ಬೇಕು. ಬ್ಯಾಂಕ್ ಖಾತೆ ಹೆಸರನ್ನ ಕದಿಯೋದು ಕಷ್ಟ. ಯುಪಿಐನಲ್ಲಿ ಹೆಸರು ಮೊದಲಿಂದಾನೂ ಕಾಣುತ್ತೆ, ನೆಫ್ಟ್ ಆರ್‌ಟಿಜಿಎಸ್ ಮಾಡೋ ಮುಂಚೆ ಪಡೆಯೋರ ಹೆಸರು ನೋಡೋ ಸೌಲಭ್ಯ ಕೊಡಿ ಅಂತ ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕುಗಳಿಗೂ 2025ರ ಏಪ್ರಿಲ್ 1ರ ಗಡುವು ಕೊಟ್ಟಿತ್ತು. ನನ್ನ ಅಳಿಯ ಕಟ್ಟಿದ್ದು ಯಾರೋ ಒಬ್ಬರ ಉಳಿತಾಯ ಖಾತೆಗೆ, "ನಮ್ಮ ಅಕೌಂಟೆಂಟ್ ಅವ್ರು" ಅಂದಿದ್ರಂತೆ.

ಕ್ರಿಪ್ಟೋದಲ್ಲಿ ಕಟ್ಟಿ ಅಂದ್ರೆ ಮೋಸಾನಾ ಅಂತ ತುಂಬಾ ಜನ ಕೇಳ್ತಾರೆ. ಅಷ್ಟು ಸುಲಭ ಇಲ್ಲ. ಬಿಟ್‌ಮೈನ್‌ನಂಥ ದೊಡ್ಡ ತಯಾರಕರೂ ಕ್ರಿಪ್ಟೋ ತಗೋತಾರೆ. ಆದ್ರೆ ಹೋದ ಕ್ರಿಪ್ಟೋ ವಾಪಸ್ ತರೋಕೆ ಬ್ಯಾಂಕ್ ಮ್ಯಾನೇಜರ್ ಅಂತ ಯಾರೂ ಇರಲ್ಲ, ಹಾಗಾಗಿ ಪರಿಚಯ ಇಲ್ಲದೋರಿಗೆ ಮೊದಲನೇ ಸಲ ಹಾಗೆ ಕಟ್ಟಬೇಡಿ ಅಂತ ನಾನು ಹೇಳೋದು. ಇನ್ನೊಂದು, ದೊಡ್ಡ ಕಂಪನಿಗಳ ಹೆಸರಲ್ಲಿ ಒಂದಕ್ಷರ ಹೆಚ್ಚು ಕಮ್ಮಿ ಮಾಡಿ ನಕಲಿ ಸೈಟ್ ಮಾಡ್ತಾರೆ. ಯಾರೋ ಕಳಿಸಿದ ಲಿಂಕ್ ಒತ್ತೋದು ಬೇಡ, ವಿಳಾಸ ನೀವೇ ಅಕ್ಷರ ಅಕ್ಷರ ಟೈಪ್ ಮಾಡಿ.

ಮಷೀನ್ ನಿಜವಾಗ್ಲೂ ಇದೆಯಾ ಅಂತ ತಿಳ್ಕೊಳ್ಳೋದು ಹೇಗೆ? ಹತ್ರದಲ್ಲಿದ್ರೆ ಹೋಗಿ ನೋಡಿ, ಎತ್ತು ತಗೊಳ್ಳೋನು ಬಾಯಿ ಬಿಡಿಸಿ ಹಲ್ಲು ನೋಡಿ, ನಡೆಸಿ ನೋಡಿ ತಾನೇ ತಗೊಳ್ಳೋದು. ದೂರ ಇದ್ರೆ ವಿಡಿಯೋ ಕಾಲ್‌ನಲ್ಲಿ ಸೀರಿಯಲ್ ನಂಬರ್ ತೋರ್ಸಿ ಅನ್ನಿ, ಪಕ್ಕದಲ್ಲಿ ನಿಮ್ಮ ಹೆಸರು ಬರೆದ ಚೀಟಿ ಇಡಿಸಿ, ಆ ಸೀರಿಯಲ್ ನಂಬರನ್ನ ತಯಾರಕರ ಸೈಟಲ್ಲಿ ಹಾಕಿದ್ರೆ ವಾರಂಟಿ ಎಲ್ಲೀತನಕ ಅಂತ ಗೊತ್ತಾಗುತ್ತೆ. ಇದಕ್ಕಿಂತ ಗಟ್ಟಿಯಾದ ದಾರಿ ಒಂದಿದೆ. ತುಂಬಾ ಜನರ ಮಷೀನ್ ಒಟ್ಟು ಸೇರಿಸಿ ಗಳಿಕೆ ಹಂಚೋ ಯಾವುದಾದ್ರೂ ಮೈನಿಂಗ್ ಪೂಲ್‌ನಲ್ಲಿ ನೀವೇ ಒಂದು ಖಾತೆ ತೆಗೀರಿ, ಆ ಮಷೀನನ್ನ ಅರ್ಧ ದಿನ ನಿಮ್ಮ ಖಾತೆಗೆ ಓಡಿಸೋಕೆ ಹೇಳಿ. ಮಷೀನಿನ ಸ್ಕ್ರೀನ್ ಮೇಲೆ ಬರೋ ಸಂಖ್ಯೆಯನ್ನ ಫರ್ಮ್‌ವೇರ್, ಅಂದ್ರೆ ಮಷೀನಿನ ಒಳಗಿನ ಸಾಫ್ಟ್‌ವೇರ್, ತಿದ್ದಿ ಏನು ಬೇಕಾದ್ರೂ ತೋರಿಸಬಹುದು, ಪೂಲ್ ಕಡೆ ಬರೋ ಸಂಖ್ಯೆ ಅವನ ಕೈಯಲ್ಲಿಲ್ಲ. 110 ಅಂದಿದ್ದು ಅಲ್ಲಿ 70 ತೋರಿಸ್ತಾ ಇದ್ರೆ ಒಳಗೆ ಲೆಕ್ಕ ಮಾಡೋ ಮೂರು ಹ್ಯಾಶ್ ಬೋರ್ಡಲ್ಲಿ ಒಂದು ಸತ್ತಿದೆ ಅಂತ ಲೆಕ್ಕ. ಹ್ಯಾಶ್ ಶಕ್ತಿ, ಅಂದ್ರೆ ಬೇರೆಯವರ ಮಷೀನಿನ ಲೆಕ್ಕದ ಶಕ್ತಿ, ಬಾಡಿಗೆಗೂ ಸಿಗುತ್ತೆ, ಹಾಗಾಗಿ ಇದೊಂದೇ ಸಾಲದು, ಉಳಿದಿದ್ದರ ಜೊತೆ ಸೇರಿಸಿ ನೋಡಿ.

ಇನ್ನು ಮುಂಗಡ ಬುಕಿಂಗ್. ಕಂಪನಿ ಅಸಲಿ ಆದ ಮಾತ್ರಕ್ಕೆ ನಾವು ಬಚಾವ್ ಅಂತಲ್ಲ. ಅಮೆರಿಕದಲ್ಲಿ ಬಟರ್‌ಫ್ಲೈ ಲ್ಯಾಬ್ಸ್ ಅಂತ ಇತ್ತು, ಆಫೀಸ್ ಇತ್ತು, ಕೆಲಸದವರಿದ್ರು, ಮಷೀನೂ ಮಾಡ್ತಿದ್ರು. 149 ಡಾಲರ್‌ನಿಂದ 29,899 ಡಾಲರ್ ತನಕ ಮುಂಗಡ ತಗೊಂಡ್ರು. 2013ರ ಸೆಪ್ಟೆಂಬರ್ ಹೊತ್ತಿಗೆ 20,000ಕ್ಕೂ ಹೆಚ್ಚು ಜನಕ್ಕೆ ಮಷೀನ್ ತಲುಪಿರಲಿಲ್ಲ ಅಂತ ಅಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಕೋರ್ಟಿಗೆ ಹೋಯ್ತು. ತಡವಾಗಿ ಸಿಕ್ಕಿದವರಿಗೂ ಅಷ್ಟರಲ್ಲಿ ಕಷ್ಟದ ಮಟ್ಟ ಏರಿ ಮಷೀನ್ ದಂಡ ಆಗಿತ್ತು. ಟೊಮೇಟೊ ಮಂಡಿಗೆ ಒಂದು ವಾರ ತಡವಾಗಿ ಹೋದ ಲೋಡ್ ಏನಾಗುತ್ತೆ ಅಂತ ನಿಮಗೇ ಗೊತ್ತು. ಅದಕ್ಕೇ ಬಿಲ್ಲಲ್ಲಿ ಡೆಲಿವರಿ ತಾರೀಕು, ತಪ್ಪಿದ್ರೆ ದುಡ್ಡು ವಾಪಸ್ ಅನ್ನೋ ಮಾತು, ಎರಡೂ ಬರಹದಲ್ಲಿ ಇರ್ಲಿ.

ಮಷೀನ್ ನಮ್ಮ ಹತ್ರಾನೇ ಇರ್ಲಿ, ನಿಮಗೆ ಬರೀ ಪಾಲು ಅನ್ನೋರ ಹತ್ರ ಅಂತೂ ಹೋಗ್ಲೇಬೇಡಿ. ಗೇನ್‌ಬಿಟ್‌ಕಾಯಿನ್ ಕೇಸಲ್ಲಿ ಮೈನಿಂಗ್ ಹೆಸರೇಳಿ ತಿಂಗಳಿಗೆ 10 ಪರ್ಸೆಂಟ್, 18 ತಿಂಗಳು ಅಂತ ಆಸೆ ತೋರಿಸಿದ್ರು, 2018ರಲ್ಲಿ ಅದರ ರೂವಾರಿ ಅಮಿತ್ ಭಾರದ್ವಾಜ್ ಅರೆಸ್ಟ್ ಆದ, 2022ರಲ್ಲಿ ತೀರ್ಕೊಂಡ, ತನಿಖೆ ಆಮೇಲೂ ನಡೀತಾನೇ ಇತ್ತು.

ಈಗಾಗ್ಲೇ ಕಟ್ಟಿರೋರು ಇಲ್ಲಿ ಯಾರಾದ್ರೂ ಇದ್ರೆ, ಎರಡನೇ ಸಲ ದುಡ್ಡು ಕೇಳಿದ್ರೆ, ಅದು ಕಸ್ಟಮ್ಸ್ ಆಗ್ಲಿ ಇನ್ಶೂರೆನ್ಸ್ ಆಗ್ಲಿ, ಒಂದು ರೂಪಾಯೀನೂ ಕೊಡಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ದುಡ್ಡು ಇನ್ನೂ ಖಾತೇಲಿದ್ರೆ ತಡೆ ಹಿಡೀತಾರೆ, ಗಂಟೆ ಗಂಟೆಗೂ ಆ ಸಾಧ್ಯತೆ ಕಮ್ಮಿ ಆಗ್ತಾ ಹೋಗುತ್ತೆ. ನಾವು ಫೋನ್ ಮಾಡಿದ್ದು ಮೊದಲನೇ ಸಲ ಕಟ್ಟಿ ಹದಿನೈದು ದಿನ ಆದ್ಮೇಲೆ, ಆ ಖಾತೇಲಿ ಏನೂ ಉಳಿದಿರಲಿಲ್ಲ. ಚಾಟ್ ಡಿಲೀಟ್ ಮಾಡಬೇಡಿ, ನಾಚಿಕೆಯಿಂದ ನನ್ನ ಅಳಿಯ ಅರ್ಧ ಡಿಲೀಟ್ ಮಾಡಿದ್ದ, ದೂರು ಬರೆಯೋವಾಗ ಅದೇ ದೊಡ್ಡ ಕಷ್ಟ ಆಯ್ತು. ಮನೆಯವರೂ ಅಷ್ಟೇ, ಆ ಹೊತ್ತಲ್ಲಿ ಹುಡುಗರನ್ನ ಬೈಬೇಡಿ, ಬೈಯ್ತಾರೆ ಅನ್ನೋ ಭಯಕ್ಕೇ ಅವರು ಎರಡನೇ ಸಲ ಕಟ್ಟೋದು.

ಲ್ಯಾಪ್‌ಟಾಪ್‌ನಲ್ಲಿ ಜಿಎಸ್‌ಟಿ ಪೋರ್ಟಲ್ ತೆಗೆದಿಟ್ಟಿದೀನಿ, ಪರದೆ ಮೇಲೆ ಎಲ್ಲರಿಗೂ ಕಾಣ್ತಿದೆ ಅಲ್ವಾ. ಯಾರ ಮೊಬೈಲಲ್ಲಾದ್ರೂ ಇಂಥೋರು ಕಳಿಸಿದ ಕೊಟೇಶನ್ನೋ ಬಿಲ್ಲೋ ಇದ್ರೆ ಈಗ್ಲೇ ನೋಡೋಣ. ಹಿಂದೆ, ಕಂಬದ ಹತ್ರ ಕೈ ಎತ್ತಿದ್ರಲ್ಲ, ನೀವೇ ಬನ್ನಿಪ್ಪ ಮುಂದೆ. ಹೆಸರು ಹೇಳೋದು ಬೇಡ, ನಂಬರ್ ಮಾತ್ರ ನಿಧಾನಕ್ಕೆ ಓದಿ, ನಾನು ಟೈಪ್ ಮಾಡ್ತೀನಿ.